ವ್ಯಾನಿನ ಹಿಂದಿನ ನೆರಳು

ಗುದ್ದಿದ್ದು ಮಗ. ಲೈಸೆನ್ಸು ಒಪ್ಪಿಸಿದ್ದು ತಾಯಿ.

ಆ ಮಗ ಈಗ ಅದೇ ವ್ಯಾನಿನೊಳಗೆ ಮಂಡಿಯೂರಿ ಸೀಟಿನ ಬೋಲ್ಟು ಬಿಚ್ಚುತ್ತಿದ್ದ. ವರ್ಷಗಟ್ಟಲೆ ಅಲುಗದ ಬೋಲ್ಟು. ಸ್ಪ್ಯಾನರು ಜಾರಿ ಜಾರಿ ಬೆರಳಿನ ಗೆಣ್ಣು ಸುಲಿದಿತ್ತು. ಬಿಚ್ಚಿದ ಒಂದು ಸೀಟು ಆಗಲೇ ಬೀದಿಯಲ್ಲಿ ಬಿದ್ದಿತ್ತು. ಸ್ಕೂಲು ಮಕ್ಕಳ ಅಳತೆಯ ಗಿಡ್ಡ ಸೀಟು. ರೆಕ್ಸಿನ್ ಹರಿದು ಒಳಗಿನ ಸ್ಪಂಜು ಇಣುಕುತ್ತಿತ್ತು. ಅದರ ಅಡಿಯಿಂದ ಒಂದು ಪೆನ್ಸಿಲ್ ತುಂಡು, ಒಂದು ಹೇರ್‌ಪಿನ್ನು, ಅಂಗೈಗಿಂತ ಚಿಕ್ಕದಾದ ಒಂಟಿ ಕಾಲುಚೀಲ ಹೊರಬಂದಿದ್ದವು.

"ಇನ್ನೂ ಎಷ್ಟು ತೆಗೀಬೇಕೋ?" ಕೆಳಗೆ ನಿಂತಿದ್ದ ಸೋದರಮಾವ ಕೇಳಿದ.

"ಇದೊಂದು ಸಾಕು ಮಾವ. ಅಮ್ಮ ಅಷ್ಟು ಉದ್ದ ಇಲ್ಲ."

ಹೇಳಿದ ಮೇಲೆ ಮಗನ ಕೈ ನಿಂತಿತು. ಆಮೇಲೆ ಮತ್ತೆ ತಿರುಗಿಸತೊಡಗಿದ.

ಹೆಣ ಸಾಗಿಸುವ ಗಾಡಿ ಬೆಳಿಗ್ಗೆಯೇ ಬರಬೇಕಿತ್ತು. ಬೇರೆ ಕಡೆ ಹೋಗಿದೆ, ಸಂಜೆಯಾಗುತ್ತೆ ಎಂದು ಫೋನಿನಲ್ಲಿ ಹೇಳಿದರು. ಆಗ ಸೋದರಮಾವನೇ ಈ ದಾರಿ ಕಂಡುಹಿಡಿದದ್ದು. "ಮನೆ ಮುಂದೆ ಅವಳದೇ ಗಾಡಿ ನಿಂತಿರುವಾಗ ಕಂಡೋರ ಗಾಡಿ ಯಾಕೆ? ಜೀವಮಾನವೆಲ್ಲ ಇದರಲ್ಲೇ ಓಡಾಡಿದಳು, ಇದರಲ್ಲೇ ಹೋಗಲಿ." ನೆರೆದವರು ತಲೆದೂಗಿದ್ದರು. ಒಳ್ಳೆ ಮಾತು ಎಂದಿದ್ದರು.

ಒಳಗೆ ಹಜಾರದಲ್ಲಿ ಮಂಚದ ಮೇಲೆ ಅವಳನ್ನು ಮಲಗಿಸಿದ್ದರು. ಬೀದಿಯವರ ಬಾಯಲ್ಲಿ ಅವಳು ವ್ಯಾನಮ್ಮ. ಮಗಳು ತಲೆಯ ಹತ್ತಿರ ಗೋಡೆಗೊರಗಿ ಕೂತಿದ್ದಳು. ಎದುರಿನ ಶೆಲ್ಫಿನಲ್ಲಿ ಹಿತ್ತಾಳೆ ಬಣ್ಣದ ಒಂದು ಬಹುಮಾನದ ಕಪ್ಪು. ಬಸ್ ಕಂಪನಿ ಹೋದ ವರ್ಷ ಮಗನಿಗೆ ಕೊಟ್ಟದ್ದು. ಕೆಳಗೆ ಕೆತ್ತಿದ ಅಕ್ಷರ: ಅಪಘಾತವಿಲ್ಲದ ಚಾಲನೆಗಾಗಿ. ಅದರ ಧೂಳು ಒರೆಸುತ್ತಿದ್ದವಳು ವ್ಯಾನಮ್ಮನೇ. ಇವತ್ತು ಯಾರೂ ಒರೆಸಿರಲಿಲ್ಲ.

ಮಗುವನ್ನು ಎತ್ತಿಕೊಂಡು ಬಂದ ಒಬ್ಬಳು ಹೆಂಗಸು ಅಳುತ್ತಲೇ ನಕ್ಕಳು. "ನಾನೂ ಇವರ ವ್ಯಾನಲ್ಲೇ ಹೋಗ್ತಿದ್ದೆ. ಕಿಟಕಿಯಿಂದ ತಲೆ ಹೊರಗೆ ಹಾಕಿದ್ರೆ, 'ತಲೆ ಒಂದು ಸ್ಟಾಪಲ್ಲಿ ಇಳಿಯುತ್ತೆ, ನೀನು ಇನ್ನೊಂದು ಸ್ಟಾಪಲ್ಲಿ ಇಳೀತೀಯ, ಆಮೇಲೆ ನಿಮ್ಮಮ್ಮಂಗೆ ಯಾವುದನ್ನ ಕೊಡ್ಲಿ' ಅನ್ನೋರು."

ನಾಲ್ಕು ಜನ ನಕ್ಕರು.

"ಎಂಥ ಗಟ್ಟಿ ಹೆಂಗಸು," ಎಂದಳು ಪಕ್ಕದ ಮನೆಯ ಟೈಲರಮ್ಮ. "ಆ ಕೊಡೆ ರಿಪೇರಿ ಕೊಡೆಯಣ್ಣನ ಕಾಲು ಮುರಿದ ಮೇಲೆ ನೋಡಿ, ಒಂದೇ ಸಲ ಕುಸಿದು ಹೋದ್ರು."

"ಪಾಪ ಏನು ಮಾಡ್ತಾರೆ," ಬಾಗಿಲ ಬಳಿ ನಿಂತಿದ್ದ ದಿನಸಿ ಅಂಗಡಿಯವನು ದನಿ ತಗ್ಗಿಸಿದ. "ಹೆಂಗಸರ ಕೈಲಿ ಅಷ್ಟು ದೊಡ್ಡ ಗಾಡಿ. ಒಂದಿನ ಆಗೋದೇ. ನಾನು ಮೊದಲೇ ಅಂದಿದ್ದೆ."

ಅವನ ಇಬ್ಬರು ಮಕ್ಕಳೂ ಆ ಹೆಂಗಸಿನ ಕೈಯ ಗಾಡಿಯಲ್ಲೇ ಸ್ಕೂಲು ಮುಗಿಸಿದ್ದರು. ಆಗ ಅವನು ಏನೂ ಅಂದಿರಲಿಲ್ಲ. ಕಾಲು ಮುರಿದ ಮಾರನೆಯ ದಿನದಿಂದ, ಮೊದಲೇ ಅಂದಿದ್ದವರ ಸಂಖ್ಯೆ ಬೀದಿಯಲ್ಲಿ ಬೆಳೆಯುತ್ತಲೇ ಹೋಗಿತ್ತು.

ಮಗಳು ಅವನ ಕಡೆ ತಿರುಗಿದಳು. ತಾಯಿಯ ಮುಖ ನೋಡಿದಳು. ಹೊದಿಕೆಯ ಅಂಚು ಸರಿಮಾಡಿದಳು. ಕೇಳಿಸಿಕೊಂಡು ಅಭ್ಯಾಸವಾಗಿತ್ತು.

*

ಆ ಬೀದಿಯ ಕೊನೆ ಮುಚ್ಚಿದೆ. ಮುಂದೆ ಗೋಡೆ, ಹೊರಗೆ ಹೋಗಬೇಕಾದರೆ ಗಾಡಿಯನ್ನು ಹಿಂದಕ್ಕೇ ತೆಗೆಯಬೇಕು. ಮರವಿಲ್ಲದ ಬೀದಿ ಅದು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ನೆರಳು ಅಂತ ಇರುತ್ತಿದ್ದದ್ದು ನಿಂತ ವ್ಯಾನಿನ ಹಿಂದೆ ಮಾತ್ರ. ಆ ನೆರಳಿನಲ್ಲಿ ಕೊಡೆ ರಿಪೇರಿಯವನು ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದ. ಕಡ್ಡಿ ಮುರಿದ ಕೊಡೆ, ಹಿಡಿ ಕಿತ್ತ ಕೊಡೆ, ಜಿಪ್ಪು ಹೋದ ಬ್ಯಾಗು. ಊರವರಿಗೆಲ್ಲ ನೆರಳು ರಿಪೇರಿ ಮಾಡಿಕೊಡುವ ನಿನಗೆ ನನ್ನ ಗಾಡಿಯ ನೆರಳೇ ಗತಿಯಾ ಎಂದು ವ್ಯಾನಮ್ಮ ರೇಗಿಸುತ್ತಿದ್ದಳು.

"ಬಾಡಿಗೆ ಹಾಕ್ತೀರೇನಮ್ಮ?"

"ಹಾಕ್ತೀನಿ. ನಿನ್ನ ಬಾಯಿಗೆ."

ಗಾಡಿ ಹೊರಡಿಸುವ ಮೊದಲು ಅವಳದೊಂದು ಕ್ರಮವಿತ್ತು. ಅದನ್ನು ತಪ್ಪಿಸಿದವಳಲ್ಲ. ಒಂದು ಸುತ್ತು ಬರುವಳು. ಬಗ್ಗಿ ಚಕ್ರಗಳ ನಡುವೆ ನೋಡುವಳು. ಅಲ್ಲಿ ಬೆಕ್ಕುಗಳು ಮಲಗಿರುತ್ತವೆ, ಚೆಂಡು ಹುಡುಕುವ ಮಕ್ಕಳಿರುತ್ತಾರೆ. ಆಮೇಲೆ ಹಿಂದಿನ ತಗಡಿನ ಮೇಲೆ ಅಂಗೈಯಿಂದ ದಬದಬ ತಟ್ಟಿ ಕೂಗುವಳು: "ಏಳೀ, ನೆರಳು ಹೊರಡ್ತಿದೆ!"

ಆಗ ಕೊಡೆಯಣ್ಣ ಚೀಲ ಮಡಚಿ ಏಳುವನು. ತಟ್ಟುವ ತನಕ ಅವನು ತಲೆಯೆತ್ತುತ್ತಿರಲಿಲ್ಲ. ಇಂಜಿನ್ ಶುರುವಾದರೂ ಏಳುತ್ತಿರಲಿಲ್ಲ, ಅವಳು ಎಷ್ಟೋ ಸಲ ಸುಮ್ಮನೆ ಇಂಜಿನ್ ಬಿಸಿ ಮಾಡುತ್ತಿದ್ದಳಲ್ಲ. ತಟ್ಟಿದರೆ ಮಾತ್ರ ಹೊರಡುತ್ತಾಳೆ ಎಂದು ಅರ್ಥ. ಸದ್ದಿಲ್ಲದಿದ್ದರೆ ಸೂಜಿ ಪೋಣಿಸುತ್ತ ಕೂರಬಹುದು.

ಅವತ್ತು ಮಗನಿಗೆ ಬಸ್ ಕಂಪನಿಯಲ್ಲಿ ಡ್ರೈವರ್ ಕೆಲಸ ಸಿಕ್ಕಿತ್ತು. ಗೆಳೆಯರಿಗೆ ಹೇಳಬೇಕು, ಸಿಹಿ ತರಬೇಕು. ಅಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅವನು ಕೀಲಿ ತೆಗೆದುಕೊಂಡು ಓಡಿ ಹತ್ತಿದ, ಶಿಳ್ಳೆ ಹಾಕುತ್ತ ರಿವರ್ಸ್ ಹಾಕಿದ.

ಮೊದಲು ಹೊರಗೆ ಬಂದವಳು ವ್ಯಾನಮ್ಮ. ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಹಿಂದಕ್ಕೆ ಓಡಿ ನೋಡಿದಳು. ಬೀದಿಯ ಬಾಗಿಲುಗಳು ಇನ್ನೂ ತೆರೆದಿರಲಿಲ್ಲ. ಡ್ರೈವರ್ ಬಾಗಿಲಿಗೆ ಬಂದು, ಸ್ಟೇರಿಂಗ್ ಬಿಡದೆ ಕೂತಿದ್ದ ಮಗನ ತೋಳಿಗೆ ಕೈ ಹಾಕಿದಳು.

"ಇಳಿ."

"ಅಮ್ಮಾ, ನಾನು..."

"ಇಳಿಯೋ!"

ಅವನು ಇಳಿದ. ಅವಳು ಹತ್ತಿ ಕೂತಳು. ಬಾಗಿಲುಗಳು ತೆರೆದು ಜನ ಬಂದಾಗ ಸ್ಟೇರಿಂಗಿನ ಮೇಲೆ ಸೋಪಿನ ನೊರೆಯಿತ್ತು. ಯಾರೂ ಅದನ್ನು ನೋಡಲಿಲ್ಲ. ನೋಡಬೇಕಾದ್ದೇನೂ ಅವರಿಗೆ ಉಳಿದಿರಲಿಲ್ಲ. ಹೆಂಗಸು, ಗಾಡಿ, ಗಾಡಿಯ ಕೆಳಗೆ ಒಂದು ಕಾಲು. ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಮಗಳು ಮಾತ್ರ ಎಲ್ಲವನ್ನೂ ನೋಡಿದ್ದಳು.

*

"ಏ ಹುಡುಗೀ, ಬಾ ಇಲ್ಲಿ." ಸೋದರಮಾವ ಮಗಳನ್ನು ಅಡುಗೆಮನೆಗೆ ಕರೆದ. ಅವನ ಮುಖ ಬಿಳಿಚಿತ್ತು. "ಅವನು ಬಂದಿದಾನೆ."

"ಯಾರು?"

"ಕೊಡೆಯವನು. ಬೀದಿ ತುದಿಯಿಂದ ಕುಂಟಿಕೊಂಡು ಬರ್ತಿದಾನೆ. ಯಾವನು ಹೇಳಿ ಕಳಿಸಿದ್ನೋ."

"ಸತ್ತ ಮನೆಗೆ ಯಾರು ಹೇಳಿ ಕಳಿಸಬೇಕು ಮಾವ?"

"ಬಾಯಿ ಆಮೇಲೆ. ಮೊದಲು ಕೇಳಿಲ್ಲಿ. ಎಲ್ಲರೂ ಇದಾರೆ. ಅವನು ಏನಾದ್ರೂ ಎತ್ತೋಕೆ ಮೊದಲು ನೀನೇ ಹೋಗು. 'ಅಮ್ಮನ ಕೈಯಿಂದ ತಪ್ಪಾಯ್ತು, ಅಮ್ಮನ ಪರವಾಗಿ ನಾನು ಕ್ಷಮೆ ಕೇಳ್ತೀನಿ' ಅನ್ನು. ಕೈ ಮುಗಿ. ಅವನು ಆಯ್ತು ಅಂತಾನೆ. ಅಲ್ಲಿಗೆ ಮುಗೀತು, ಅಕ್ಕನ ಜೊತೆಗೇ ಮಣ್ಣಾಯ್ತು."

"ಅಮ್ಮನ ಕೈಯಿಂದಲೇ?"

ಸೋದರಮಾವ ಬಾಗಿಲ ಕಡೆ ನೋಡಿದ. "ನಿನ್ನ ತಮ್ಮನ ಹೊಟ್ಟೆ ಮೇಲೆ ಹೊಡೀಬೇಡ. ನಿಮ್ಮಮ್ಮ ಅಷ್ಟೆಲ್ಲ ಸಹಿಸಿಕೊಂಡಿದ್ದು ಯಾತಕ್ಕೆ? ಸತ್ತವಳಿಗೆ ಇನ್ನೇನು ಬೇಕು? ಬದುಕಿರೋರನ್ನ ನೋಡು."

ಕಿಟಕಿಯಾಚೆ ಊರುಗೋಲಿನ ಟಕ್, ಟಕ್ ಕೇಳಿಸಿತು.

*

ಕೊಡೆಯಣ್ಣನನ್ನು ನೋಡಲು ವ್ಯಾನಮ್ಮ ಆಸ್ಪತ್ರೆಗೆ ಹೋದಾಗ ಮಗಳೂ ಜೊತೆಗಿದ್ದಳು. ವಾರ್ಡಿನಲ್ಲಿ ಎರಡು ಸಾಲು ಮಂಚ, ಫಿನಾಯಿಲ್ ವಾಸನೆ. ಅವನ ಕಾಲನ್ನು ಪ್ಲಾಸ್ಟರಿನಲ್ಲಿ ಕಟ್ಟಿ ಮೇಲಕ್ಕೆ ತೂಗುಹಾಕಿದ್ದರು.

"ನಾನೇ ಗುದ್ದಿದ್ದು," ಎಂದಳು ವ್ಯಾನಮ್ಮ.

ಅವನು ಅವಳ ಮುಖವನ್ನೇ ನೋಡಿದ.

"ನೀವು ತಟ್ಟಲಿಲ್ಲ," ಎಂದ.

"ಮರೆತೆ."

"ಮರೆತ್ರಾ?"

"ಮರೆತೆ ಕಣಪ್ಪ."

ಪಕ್ಕದ ಮಂಚದವನು ಕೆಮ್ಮಿದ. ಕೊಡೆಯಣ್ಣ ತೂಗುತ್ತಿದ್ದ ತನ್ನ ಕಾಲನ್ನು ನೋಡಿದ. ಬಾಗಿಲ ಬಳಿ ಒಳಗೆ ಬರದೆ ನಿಂತಿದ್ದ ಮಗನ ಬೆನ್ನನ್ನು ನೋಡಿದ. "ಆಯ್ತಮ್ಮ," ಎಂದ. "ನೀವು ಮರೆತ್ರಿ ಅಂದ್ರೆ ಮರೆತ್ರಿ."

ಅವನು ದೂರು ಕೊಡಲಿಲ್ಲ. ಠಾಣೆಯಲ್ಲಿ ಸೋದರಮಾವನಿಗೆ ಪರಿಚಯದವರಿದ್ದರು. ವಯಸ್ಸಾದ ಹೆಂಗಸು, ತಾನಾಗಿಯೇ ಲೈಸೆನ್ಸು ವಾಪಸ್ ಕೊಟ್ಟುಬಿಟ್ಟರೆ ಕೇಸಿನ ಗೋಜೇ ಬೇಡ ಎಂದರು. ತಾನಾಗಿಯೇ ಕೊಡಿಸಲು ಸೋದರಮಾವ ಮಾರನೆಯ ದಿನವೇ ಅವಳನ್ನು ಆರ್‌ಟಿಓ ಆಫೀಸಿಗೆ ಕರೆದುಕೊಂಡು ಹೋದ. ಕೌಂಟರಿನ ಮುಂದೆ ಲೈಸೆನ್ಸು ಬೇಕಾದವರ ಉದ್ದ ಸಾಲು. ವಾಪಸ್ ಕೊಡಲು ಬಂದವಳು ಅವಳೊಬ್ಬಳೇ. ಯಾವ ಕಿಟಕಿಗೆ ಹೋಗಬೇಕು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

"ಯಾಕೆ ಕೊಡ್ತಿದೀರಿ?" ಗುಮಾಸ್ತ ಕೇಳಿದ.

"ಕಣ್ಣು ಕಾಣಲ್ಲ ಸಾರ್, ವಯಸ್ಸಾಯ್ತು," ಎಂದ ಸೋದರಮಾವ.

"ನಿಮ್ಮನ್ನ ಕೇಳಲಿಲ್ಲ. ಅವರೇ ಹೇಳಲಿ. ಯಾರಾದ್ರೂ ಬಲವಂತ ಮಾಡಿದಾರಾ ಅಮ್ಮ?"

ವ್ಯಾನಮ್ಮ ಗುಮಾಸ್ತನ ತಲೆಯ ಮೇಲಿಂದ ದೂರದ ಗೋಡೆ ನೋಡಿದಳು. "ಸಾರ್, ನಿಮ್ಮ ಗಡಿಯಾರ ನಿಂತಿದೆ. ಸೆಕೆಂಡ್ ಮುಳ್ಳು ಅಲ್ಲಾಡ್ತಾನೇ ಇಲ್ಲ."

ಗುಮಾಸ್ತ ತಿರುಗಿ ನೋಡಿದ. ಕನ್ನಡಕ ಮೇಲೇರಿಸಿ ಮತ್ತೊಮ್ಮೆ ನೋಡಿದ. "ಹೌದಲ್ಲಾ!"

"ಕಣ್ಣು ಕಾಣಲ್ಲ ಸಾರ್," ಎಂದಳು ಅವಳು. "ಇಷ್ಟಪಟ್ಟೇ ಕೊಡ್ತಿದೀನಿ."

ಗುಮಾಸ್ತ ಗಡಿಯಾರವನ್ನೂ ಅವಳನ್ನೂ ಒಂದು ಸಲ ನೋಡಿದ. ಹಿಂದೆ ಸಾಲು ಗೊಣಗುತ್ತಿತ್ತು. ಪಂಚಿಂಗ್ ಮಷೀನು ತೆಗೆದು ಕಾರ್ಡಿಗೆ ತೂತು ಹೊಡೆದ. ತೂತು ಫೋಟೋದ ಕೆನ್ನೆಯ ಮೇಲೆ ಬಿತ್ತು.

ಆಮೇಲೆ ಸ್ಕೂಲಿನವರು ಬೇರೆ ವ್ಯಾನು ಗೊತ್ತುಮಾಡಿಕೊಂಡರು. ಅವಳು ಮಾತ್ರ ಬೆಳಗಾದರೆ ತನ್ನ ವ್ಯಾನು ತೊಳೆಯುವಳು. ಬ್ಯಾಟರಿ ಸಾಯದಿರಲಿ ಎಂದು ಹತ್ತಿ ಕೂತು ಇಂಜಿನ್ ಶುರು ಮಾಡುವಳು. ಮಕ್ಕಳು ಬೇರೆ ಗಾಡಿ ಹತ್ತಿ ಹೋದ ಮೇಲೆ ಆರಿಸಿ ಇಳಿಯುವಳು. ಒಂದು ಅಡಿಯೂ ಕದಲಿಸುತ್ತಿರಲಿಲ್ಲ. ಅಪಘಾತವಾಗುವ ಹೊತ್ತಿಗೆ ಮಗಳು ಅವಳ ಹತ್ತಿರ ಕ್ಲಚ್ಚು, ಗೇರು ಕಲಿಯಲು ಶುರು ಮಾಡಿದ್ದಳು. ಸೋದರಮಾವ ನಿಲ್ಲಿಸಿಬಿಟ್ಟ. ಈ ಮನೆಯಲ್ಲಿ ಒಬ್ಬಳು ಓಡಿಸಿದ್ದು ಸಾಕು ಎಂದ. ಮಗ ಆಗ ಊಟ ಮಾಡುತ್ತಿದ್ದ. ತಟ್ಟೆಯಿಂದ ಮುಖ ಎತ್ತಲಿಲ್ಲ.

ನಿನ್ನೆ ಹಗಲು ತಾಯಿಗೆ ಎದೆ ಹಿಡಿದುಕೊಂಡಾಗ ಮಗ ಡ್ಯೂಟಿಯಲ್ಲಿದ್ದ. ಬೀದಿಯ ಗಂಡಸರು ಕೆಲಸಕ್ಕೆ ಹೋಗಿದ್ದರು. ಮಗಳು ಆಂಬುಲೆನ್ಸಿಗೆ ಫೋನು ಮಾಡಿ, ತಾಯಿಯನ್ನು ಹೊಸ್ತಿಲ ಮೇಲೆ ತನಗೊರಗಿಸಿಕೊಂಡು ಕೂತಳು. ಎದುರಿಗೆ ತೊಳೆದಿಟ್ಟ ವ್ಯಾನು ನಿಂತಿತ್ತು. ಕೀಲಿ ತಾಯಿಯ ಮುಷ್ಟಿಯಲ್ಲೇ ಇತ್ತು.

"ಬರ್ತಾರಮ್ಮ, ಈಗ ಬರ್ತಾರೆ."

"ನಿನಗೆ ಹೀಗಾಗಿದ್ರೆ," ಎಂದಳು ತಾಯಿ, ಉಸಿರು ಎಳೆದುಕೊಂಡು, "ಇಷ್ಟೊತ್ತಿಗೆ ನಾನು ನಿನ್ನನ್ನ ಆಸ್ಪತ್ರೆಗೆ ಸೇರಿಸಿ ಆಗಿರ್ತಿತ್ತು ಕಣೆ."

ಆಂಬುಲೆನ್ಸು ಬಂದಾಗ ಮುಷ್ಟಿ ಬಿಡಿಸಿ ಕೀಲಿ ತೆಗೆಯಬೇಕಾಯಿತು.

*

ಕೊಡೆಯಣ್ಣ ಹಜಾರದೊಳಗೆ ಬಂದ. ಜನ ದಾರಿ ಬಿಟ್ಟರು. ಮಡಚಲಾಗದ ಎಡಗಾಲನ್ನು ಎಳೆದುಕೊಂಡು ಮಂಚದ ಹತ್ತಿರ ನಿಂತ. ಸೋದರಮಾವ ಮಗಳ ಬೆನ್ನಿಗೆ ಬೆರಳಿನಿಂದ ತಿವಿದ.

ಮಗಳು ಕೊಡೆಯಣ್ಣನ ಎದುರು ಹೋಗಿ ನಿಂತಳು. ಕೈ ಮುಗಿಯಲಿಲ್ಲ. ಕಣ್ಣು ಒರೆಸಿಕೊಂಡಳು.

"ಅಳಬೇಡಮ್ಮ," ಎಂದ ಅವನು.

"ಅವಳು ಹೇಳೋದು ಏನಂದ್ರೆ," ಸೋದರಮಾವ ಎಲ್ಲರಿಗೂ ಕೇಳುವ ಹಾಗೆ ನಡುವೆ ಬಂದ, "ಅಕ್ಕನಿಂದ ನಿನಗೆ ಅನ್ಯಾಯ ಆಯ್ತು. ಮನಸ್ಸಲ್ಲಿ ಇಟ್ಕೋಬೇಡಪ್ಪ. ಕ್ಷಮಿಸಿಬಿಡು."

"ದೊಡ್ಡ ಮನಸ್ಸು ಮಾಡಿ ಬಂದಿದಾನೆ ನೋಡಿ," ಎಂದ ದಿನಸಿ ಅಂಗಡಿಯವನು.

ಕೊಡೆಯಣ್ಣ ಸೋದರಮಾವನ ಮುಖ ನೋಡಿದ. "ಅಮ್ಮ ಇರೋ ತನಕ ಅವರು ಹೇಳಿದ್ದಕ್ಕೆ ಹೂಂ ಅಂದೆ ಸ್ವಾಮಿ," ಎಂದಷ್ಟೇ ಹೇಳಿ, ತಿರುಗಿ ಹೊರಗೆ ಹೋದ.

ಸೋದರಮಾವ ಬೆವರು ಒರೆಸಿಕೊಂಡ. "ಎತ್ತಿ, ಎತ್ತಿ. ತಡ ಆಗುತ್ತೆ."

ನಾಲ್ವರು ಅವಳನ್ನು ಎತ್ತಿ ತಂದು ವ್ಯಾನಿನೊಳಗೆ ಮಲಗಿಸಿದರು. ಹಗುರವಾಗಿದ್ದಳು. ಎರಡು ಸೀಟು ತೆಗೆದ ಜಾಗ ಹೆಚ್ಚೇ ಆಯಿತು. ಉಳಿದ ಗಿಡ್ಡ ಸೀಟುಗಳಲ್ಲಿ ದೊಡ್ಡ ಗಂಡಸರು ಮಂಡಿ ಎದೆಗೆ ತಾಗುವಂತೆ ಮುದುಡಿ ಕೂತರು. ಮಗ ಮುಖ ತೊಳೆದುಕೊಂಡು ಬಂದ. ಅಕ್ಕನ ಎದುರು ಒಂದು ಗಳಿಗೆ ನಿಂತ.

"ಹೇಳಬೇಕು ಅಂತಾನೇ ಇದ್ದೆ ಅಕ್ಕಾ. ಅಮ್ಮನ ಹತ್ತಿರ ಎಷ್ಟು ಸಲ ಅಂದೆ. ಬೇಡ ಅಂದಳು."

"ಬೇಡ ಅಂತಾಳೆ ಅಂತ ಗೊತ್ತಿತ್ತಲ್ಲ ನಿನಗೆ. ಅದಕ್ಕೇ ನೀನು ಅವಳನ್ನೇ ಕೇಳ್ತಿದ್ದೆ."

ಅವನು ತಲೆ ತಗ್ಗಿಸಿ ಹೋಗಿ ಹತ್ತಿದ. ಕೀಲಿ ತಿರುಗಿಸಿದ. ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು.

"ಹೋಗಲಿ, ಹೋಗಲಿ, ಹಿಂದೆ ಹೋಗಲಿ," ಎಂದು ಕೈಬೀಸುತ್ತ ಹಿಂದಕ್ಕೆ ಹೋದ ದಿನಸಿ ಅಂಗಡಿಯವನು ಕಿರುಚಿದ. "ನಿಲ್ಸೋ! ನಿಲ್ಸೋ!"

ವ್ಯಾನಿನ ಹಿಂದೆ, ನೆರಳು ಬಿದ್ದಿದ್ದ ಜಾಗದಲ್ಲಿ, ಕೊಡೆಯಣ್ಣ ಕೂತಿದ್ದ. ನೆಲಕ್ಕೆ ಊರುಗೋಲು ಊರಿ, ಒಂದು ಕೈಯಿಂದ ಬಂಪರ್ ಹಿಡಿದು, ಬಹಳ ಕಷ್ಟಪಟ್ಟು ಕೂತಿರಬೇಕು. ಮುಖದಲ್ಲಿ ನೋವು ಇನ್ನೂ ಇಳಿದಿರಲಿಲ್ಲ. ಮಡಚದ ಕಾಲು ನೇರ ಚಾಚಿಕೊಂಡಿತ್ತು.

"ಏಯ್, ತಲೆ ಕೆಟ್ಟಿದೆಯಾ? ಕುಡಿದಿದೀಯಾ?" ಸೋದರಮಾವ ಓಡಿ ಬಂದ. "ಏಳೋ ಮೇಲೆ!"

"ತಟ್ಟಲಿ ಸ್ವಾಮಿ. ಏಳ್ತೀನಿ."

"ಏನು ತಟ್ಟಬೇಕು?"

"ಅಮ್ಮ ತಟ್ತಿದ್ರಲ್ಲ. ತಟ್ಟದೆ ಈ ಗಾಡಿ ಹಿಂದೆ ಬಂದಿದ್ದು ಒಂದೇ ಸಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೈಲರಮ್ಮನ ಕೈ ಬಾಯಿಯ ಮೇಲೆ ಹೋಯಿತು. "ಹೌದು," ಎಂದಳು ತನಗೇ ಎಂಬಂತೆ, "ಅವತ್ತು ತಟ್ಟಿದ ಸದ್ದೇ ಕೇಳಲಿಲ್ಲ."

ಸೋದರಮಾವ ಮುಂದೆ ಬಂದು ತಗಡಿನ ಮೇಲೆ ಅಂಗೈಯಿಂದ ದಬದಬ ಬಡಿದ. "ತಗೋ, ತಟ್ಟಿದೆ! ಸಾಕಾ? ಏಳು!"

"ನೀವಲ್ಲ ಸ್ವಾಮಿ. ಓಡಿಸೋರು ತಟ್ಟಬೇಕು."

ಒಳಗೆ ಮುದುಡಿ ಕೂತಿದ್ದ ಗಂಡಸರು ಒಬ್ಬೊಬ್ಬರಾಗಿ ಡ್ರೈವರ್ ಸೀಟಿನ ಕಡೆ ತಿರುಗಿದರು. ಮಗ ಕನ್ನಡಿ ನೋಡುತ್ತಿದ್ದ. ಕನ್ನಡಿಯಲ್ಲಿ ಅವನಿಗೆ ಊರುಗೋಲಿನ ತುದಿ ಮಾತ್ರ ಕಾಣುತ್ತಿತ್ತು.

"ಏ ಹುಡುಗೀ!" ಸೋದರಮಾವನ ದನಿ ಒಡೆಯಿತು. "ನೀನು ಹೇಳಿದ್ರೆ ಕೇಳ್ತಾನೆ. ಕೈ ಹಿಡಿದು ಎಬ್ಬಿಸು ಅವನನ್ನ. ನಿಮ್ಮಮ್ಮನ ಹೆಣ ಬೀದೀಲಿ ಕೊಳೀಬೇಕಾ?"

ಮಗಳು ಜನರನ್ನು ಸರಿಸಿಕೊಂಡು ಹಿಂದಕ್ಕೆ ಬಂದಳು. ಕೊಡೆಯಣ್ಣ ತಲೆಯೆತ್ತಿ ಅವಳನ್ನು ನೋಡಿದ. ಅವಳು ಎಬ್ಬಿಸಿದರೆ ಏಳುವವನ ಹಾಗೆ ಊರುಗೋಲಿಗೆ ಕೈ ಹಾಕಿದ. ಅವಳು ಬಗ್ಗಿದಳು. ಅವನ ಕೈ ಹಿಡಿಯಲಿಲ್ಲ. ನೆಲಕ್ಕೆ ಕೈಯೂರಿ ಅವನ ಪಕ್ಕದಲ್ಲೇ ಕೂತಳು. ನೆರಳು ಇಬ್ಬರಿಗೆ ಸಾಲುವಷ್ಟಿರಲಿಲ್ಲ. ಅವಳ ಮಂಡಿಗಳು ಬಿಸಿಲಿಗೆ ಚಾಚಿಕೊಂಡವು.

"ಎಬ್ಬಿಸು ಅಂದೆ!"

"ಎಬ್ಬಿಸಲ್ಲ ಮಾವ."

ಇಂಜಿನ್ ನಿಂತಿತು. ಡ್ರೈವರ್ ಬಾಗಿಲು ತೆರೆದುಕೊಂಡ ಸದ್ದಾಯಿತು. ಬಾಗಿಲ ಕೆಳಗೆ ಪಾಲಿಶ್ ಹಾಕಿದ ಡ್ಯೂಟಿ ಬೂಟಿನ ಒಂದು ಕಾಲು ನೆಲಕ್ಕಿಳಿಯಿತು. ಇನ್ನೊಂದು ಕಾಲು ಇನ್ನೂ ಒಳಗೇ ಇತ್ತು.